ಫಿಟ್ಸ್‌ಗೆ ವಿಟಮಿನ್ ಕೊಟ್ಟು ನೋಡಬಹುದಾ?

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ನಾಲ್ಕು ವರ್ಷದಿಂದ ಫಿಟ್ಸ್‌ಗೆ ಫೆನಿಟಾಯಿನ್ ಕೊಡುತ್ತಿದ್ದೇವೆ, ಆದರೂ ತಿಂಗಳಿಗೆ ಒಂದೆರಡು ಸಲ ಬರುತ್ತದೆ. ವಿಟಮಿನ್ ಬಿ6 ಕೊಟ್ಟರೆ ಪೂರ್ತಿ ನಿಲ್ಲುತ್ತದೆ ಅಂತ ಪರಿಚಯದವರು ಹೇಳುತ್ತಾರೆ. ಈ ಮಾತ್ರೆ ಬಿಟ್ಟು ಎರಡು ತಿಂಗಳು ಅದನ್ನು ಕೊಟ್ಟು ನೋಡಲಾ?

ಉತ್ತರ: ದಯವಿಟ್ಟು ಫೆನಿಟಾಯಿನ್ ನಿಲ್ಲಿಸಬೇಡಿ. ದಿಢೀರನೆ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು.

ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ತೀರಾ ಅಪರೂಪದ ಒಂದು ಕಾಯಿಲೆಗೆ ಬಿ6 ನಿಜವಾದ ಔಷಧಿ. ಸಾಮಾನ್ಯವಾಗಿ ಹುಟ್ಟಿದ ಕೆಲವೇ ದಿನಗಳಲ್ಲಿ ಫಿಟ್ಸ್ ಶುರುವಾಗಿ, ಬೇರೆ ಯಾವ ಔಷಧಿಗೂ ಬಗ್ಗದೆ, ಬಿ6 ಇಂಜೆಕ್ಷನ್ ಕೊಟ್ಟ ಮೇಲೆ ನಿಂತುಬಿಡುತ್ತದೆ. 1954ರಲ್ಲೇ ವೈದ್ಯರು ಇದನ್ನು ವರದಿ ಮಾಡಿದ್ದರು, ಇದರ ಹಿಂದಿರುವ ಜೀನ್ ಗೊತ್ತಾಗಿದ್ದು 2006ರಲ್ಲಿ. ಮಿದುಳಿನ ಅಬ್ಬರ ತಗ್ಗಿಸುವ ಗಾಬಾ ಎನ್ನುವ ರಾಸಾಯನಿಕ ತಯಾರಾಗಲು ಬಿ6 ಬೇಕು. ಈ ಮಕ್ಕಳ ದೇಹದಲ್ಲಿ ಅದು ಕೆಲಸಕ್ಕೆ ಸಿಗದೆ ಹೋಗುತ್ತದೆ. ಅಲ್ಲೂ ಮೊದಲ ಡೋಸನ್ನು ಆಸ್ಪತ್ರೆಯಲ್ಲೇ ಕೊಡುತ್ತಾರೆ, ಏಕೆಂದರೆ ಮಗುವಿನ ಉಸಿರು ನಿಲ್ಲುವ ಭಯ ಇರುತ್ತದೆ. ಏಳನೇ ವಯಸ್ಸಿಗೆ ಶುರುವಾದ ನಿಮ್ಮ ಮಗಳ ಫಿಟ್ಸ್ ಇದಾಗಿರುವ ಸಾಧ್ಯತೆ ತೀರಾ ಕಡಿಮೆ.

ಎರಡು ತಿಂಗಳು ಕೊಟ್ಟು ನೋಡುತ್ತೇನೆ ಅಂತೀರಲ್ಲ, ಅದರಿಂದ ಏನೂ ಗೊತ್ತಾಗುವುದಿಲ್ಲ. ಫಿಟ್ಸ್ ತಾನಾಗಿಯೇ ಒಂದು ತಿಂಗಳು ಜಾಸ್ತಿ, ಇನ್ನೊಂದು ತಿಂಗಳು ಕಡಿಮೆ ಆಗುತ್ತಿರುತ್ತದೆ. ಹೊಸದೇನಾದರೂ ಶುರು ಮಾಡುವುದು ಜಾಸ್ತಿಯಾದಾಗಲೇ ಅಲ್ವಾ? ಆಮೇಲೆ ಇಳಿದರೆ ಹೆಸರೆಲ್ಲ ವಿಟಮಿನ್‌ಗೆ. ಅದಕ್ಕೇ ಅರ್ಧ ಮಂದಿಗೆ ಅಸಲಿ ಮಾತ್ರೆ, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧಿಯೇ ಇಲ್ಲದ ಮಾತ್ರೆ ಕೊಟ್ಟು, ಯಾರಿಗೆ ಯಾವುದು ಅಂತ ವೈದ್ಯರಿಗೂ ತಿಳಿಯದ ಹಾಗೆ ಪರೀಕ್ಷೆ ಮಾಡುತ್ತಾರೆ. ವಿಟಮಿನ್ ಇ ವಿಷಯದಲ್ಲಿ 1989ರಲ್ಲಿ ಪ್ರಕಟವಾದ ಇಂಥದ್ದೇ ಪರೀಕ್ಷೆ ಬಹಳ ಆಸೆ ಹುಟ್ಟಿಸಿತ್ತು. ಆದರೆ ಅದರಲ್ಲಿ ಇದ್ದದ್ದು 24 ಮಕ್ಕಳು ಮಾತ್ರ. ಮುಂದೆ ಬೇರೆಯವರು ಮಾಡಿದ ಪರೀಕ್ಷೆಯಲ್ಲಿ ಆ ಲಾಭ ಕಾಣಲಿಲ್ಲ.

ಸುಮ್ನೆ ಒಂದು ವಿಟಮಿನ್ ತಾನೇ ಅಂದುಕೊಳ್ಳಬೇಡಿ. ದೊಡ್ಡವರಿಗೇ ದಿನಕ್ಕೆ ಬೇಕಾಗುವ ಬಿ6 ಸುಮಾರು 1.3 ಮಿಲಿಗ್ರಾಂ. ದೊಡ್ಡ ಡೋಸ್ ತಿಂಗಳುಗಟ್ಟಲೆ ತೆಗೆದುಕೊಂಡರೆ ನರಗಳಿಗೆ ಪೆಟ್ಟಾಗಿ ಕೈಕಾಲು ಜೋಮು ಹಿಡಿಯುತ್ತದೆ, ನಡಿಗೆಯೂ ತಪ್ಪಬಹುದು. ರಕ್ತದಲ್ಲಿ ಫೆನಿಟಾಯಿನ್ ಪ್ರಮಾಣವನ್ನೂ ಅದು ಇಳಿಸಬಹುದು.

ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಬಂತು, ಮಾತ್ರೆ ತಪ್ಪಿತ್ತಾ ಅಂತ ಬರೆದಿಡಿ. ಆ ಪುಸ್ತಕ ತೆಗೆದುಕೊಂಡು ನರರೋಗ ತಜ್ಞರ ಹತ್ತಿರ ಹೋಗಿ, ಡೋಸ್ ಸರಿಯಿದೆಯಾ, ಬೇರೆ ಔಷಧಿ ಬೇಕಾ ಅಂತ ಕೇಳಿ. ಹಾಗೇ ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಫೆನಿಟಾಯಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಅದು ಇಳಿಯಬಹುದು, ಬೆಳೆಯುವ ಹುಡುಗಿಯ ಮೂಳೆಗೆ ಅದು ಬೇಕೇ ಬೇಕು.