ಪೆಡಿಗ್ರಿಯೊಳಗಿನ ಕೊಕ್ಕರೆ ಕಾಲು

ನಾಯಿಮರಿ ನೋಡಲು ಹೋದಾಗ ಮಾರುವವರು ‘ಪೆಡಿಗ್ರಿ ಸರ್ಟಿಫಿಕೇಟ್ ಇದೆ’ ಅಂದರಂತೆ. ಪೆಡಿಗ್ರಿ ಅಂದರೆ ವಂಶಾವಳಿ. ಆ ಪದ ಎಲ್ಲಿಂದ ಬಂತು ಅಂತ ಮನೆಯಲ್ಲಿ ಚರ್ಚೆಯಾಯಿತು ಎಂದು ಬರೆದಿದ್ದೀರಿ. ಪೆಡಿಕ್ಯೂರ್‌ನಲ್ಲಿ ಇರುವ ಹಾಗೆ ‘ಪೆಡಿ’ ಅಂದರೆ ಪಾದ, ಉಳಿದದ್ದು ಡಿಗ್ರಿಯ ಬಾಲ ಎಂಬುದು ನಿಮ್ಮ ಮಗಳ ಊಹೆ. ಅವಳಿಗೆ ನನ್ನ ಶಹಬ್ಬಾಸ್ ಹೇಳಿ. ಅರ್ಧ ಸರಿಯಾಗಿಯೇ ಹಿಡಿದಿದ್ದಾಳೆ.

ಪಾದ ಇರುವುದು ನಿಜ. ಆದರೆ ಅದು ಕೊಕ್ಕರೆಯ ಪಾದ! 1066ರಲ್ಲಿ ಫ್ರಾನ್ಸಿನ ಉತ್ತರದಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆಯಲ್ಲಿ, ಕೋರ್ಟಿನಲ್ಲಿ ಬಹಳ ಕಾಲ ಫ್ರೆಂಚ್ ನಡೆಯಿತು. ಆ ಫ್ರೆಂಚಿನಲ್ಲಿ ‘ಪೆ ದ ಗ್ರು’ ಅಂದರೆ ಕೊಕ್ಕರೆಯ ಕಾಲು. (ನಾವು ಎಷ್ಟೋ ಉದ್ದಕಾಲಿನ ಹಕ್ಕಿಗಳನ್ನು ಕೊಕ್ಕರೆ ಅಂತೀವಿ. ಇದು ಕ್ರೌಂಚದ ಜಾತಿಯದು.) ವಂಶಾವಳಿ ಬರೆಯುವವರು ತಂದೆಯ ಹೆಸರಿನಿಂದ ಮಕ್ಕಳ ಹೆಸರುಗಳಿಗೆ ಗೆರೆ ಎಳೆಯುತ್ತಿದ್ದರು. ಒಂದು ಕಡೆಯಿಂದ ಹೊರಟು ಮೂರಾಗಿ ಕವಲೊಡೆಯುವ ಆ ಗೆರೆ, ಕೆರೆಯಂಚಿನ ಕೆಸರಿನಲ್ಲಿ ಹಕ್ಕಿ ನಡೆದು ಹೋದ ಗುರುತಿನ ಹಾಗೇ ಕಾಣುತ್ತದೆ ಅಲ್ವಾ? ಗೆರೆಯ ಹೆಸರೇ ಆಮೇಲೆ ಇಡೀ ವಂಶಾವಳಿಯ ಹೆಸರಾಯಿತು. 15ನೇ ಶತಮಾನದ ಇಂಗ್ಲಿಷ್ ಬರಹಗಳಲ್ಲಿ ಈ ಪದ ಸಿಗುತ್ತದೆ. ಕಾಗುಣಿತ ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಈಗಿನ ರೂಪಕ್ಕೆ ‘ಡಿಗ್ರಿ’ಯ ನೆರಳೂ ತಾಗಿದೆ ಎನ್ನುವವರಿದ್ದಾರೆ. ಹಾಗಾಗಿ ಮಗಳ ಇನ್ನರ್ಧ ಊಹೆಯನ್ನೂ ಪೂರ್ತಿ ತಳ್ಳಿಹಾಕಬೇಡಿ.

ನನಗೆ ಈ ಪದ ತುಂಬಾ ಇಷ್ಟ. ದೊಡ್ಡ ಮನೆತನ, ಶುದ್ಧ ರಕ್ತ ಅಂತ ಜನ ಇದನ್ನು ಹೊತ್ತು ಮೆರೆದರು. ಪದವನ್ನು ಬಿಡಿಸಿ ನೋಡಿದರೆ ಸಿಗುವುದು, ಯಾವನೋ ಬರಹಗಾರ ಎಳೆದ ಮೂರು ಗೆರೆ. ಅದರಲ್ಲಿ ಹಕ್ಕಿಯನ್ನು ಕಂಡ ಆ ಕಣ್ಣು ಎಷ್ಟು ಚೆಂದದ್ದು!

ಮನುಷ್ಯರ ಪದ ಆಮೇಲೆ ಪ್ರಾಣಿಗಳಿಗೂ ಬಂತು. ಇಂಗ್ಲೆಂಡಿನಲ್ಲಿ ರೇಸ್ ಕುದುರೆಗಳ ವಂಶ ದಾಖಲಿಸುವ ‘ಜನರಲ್ ಸ್ಟಡ್ ಬುಕ್’ 1791ರಲ್ಲಿ ಶುರುವಾಯಿತು. ನಾಯಿಗಳ ದಾಖಲೆ ಇಡುವ ಕೆನಲ್ ಕ್ಲಬ್ ಲಂಡನ್ನಿನಲ್ಲಿ ಹುಟ್ಟಿದ್ದು 1873ರಲ್ಲಿ.

ಇನ್ನೊಂದು ಮಾತು. ನಮ್ಮ ‘ಪಾದ’ ಸಂಸ್ಕೃತದಿಂದ ಬಂದದ್ದು. ಅದೂ ಪೆಡಿಗ್ರಿಯ ‘ಪೆ’ಯೂ ಬಹಳ ಹಿಂದಿನ ಒಂದೇ ಬೇರಿನ ಕವಲುಗಳು. ಮರಿ ಮನೆಗೆ ಬಂದ ದಿನ ಆ ಸರ್ಟಿಫಿಕೇಟನ್ನು ಮಗಳ ಕೈಗೆ ಕೊಡಿ. ಮೂರು ತಲೆಮಾರಿನದಾದರೆ ಅಪ್ಪ ಅಮ್ಮ 2, ಅವರ ಹಿಂದೆ 4, ಅದರ ಹಿಂದೆ 8, ಒಟ್ಟು 14 ಹೆಸರು ಇರುತ್ತವೆ. ಅಲ್ಲಿ ಗೆರೆ ಮಕ್ಕಳ ಕಡೆಗಲ್ಲ, ಹಿರಿಯರ ಕಡೆಗೆ ಕವಲೊಡೆಯುತ್ತದೆ, ಎರಡೆರಡಾಗಿ. ಕೊಕ್ಕರೆಯ ಒಂದು ಬೆರಳು ಎಲ್ಲಿ ಹೋಯಿತು ಅಂತ ಅವಳು ಖಂಡಿತ ಕೇಳುತ್ತಾಳೆ.