ಹೊಸ ಪಿಕಪ್‌ಗೆ 20 ಸಾವಿರಕ್ಕಿಂತ ಜಾಸ್ತಿ ಬಿಡಲ್ಲ ಅಂತಾರೆ, ಇನ್ನೂ ಎಷ್ಟು ಚೌಕಾಸಿ ಮಾಡಬಹುದು?

ನೀವು ಕೇಳಿರುವುದು ಇಷ್ಟು. ಮದ್ದೂರಿನಿಂದ ಎಳನೀರು ಸಾಗಿಸೋಕೆ ಹೊಸ ಪಿಕಪ್ ಬೇಕು. ಮೈಸೂರಿನ ಒಂದು ಶೋರೂಮಿನಲ್ಲಿ ವಿಚಾರಿಸಿದ್ದೀರಿ. 20 ಸಾವಿರಕ್ಕಿಂತ ಒಂದು ರೂಪಾಯಿ ಜಾಸ್ತಿ ಬಿಡಲ್ಲ ಅಂತಿದ್ದಾರೆ. ಸಾಲ, ಇನ್ಶೂರೆನ್ಸ್ ಎಲ್ಲ ಅವರೇ ಮಾಡಿಸಿಕೊಡುತ್ತಾರಂತೆ. ಒಪ್ಪಿಕೊಳ್ಳಲೋ, ಇನ್ನೂ ಎಳೆಯಲೋ?

ನಾನು ಪಾಂಡವಪುರದ ಕಡೆಯವನು. ಆಲೆಮನೆ ಬೆಲ್ಲ ಮಂಡ್ಯ ಮಾರುಕಟ್ಟೆಗೆ, ತರಕಾರಿ ಮೈಸೂರಿನ ಬಂಡಿಪಾಳ್ಯ ಮಾರುಕಟ್ಟೆಗೆ ಹೊಡೆಯುತ್ತೇನೆ. ಎರಡು ಹೊಸ ಗಾಡಿ ತೆಗೆದುಕೊಂಡಿದ್ದೇನೆ. ಮೊದಲನೆಯದರಲ್ಲಿ ಚೆನ್ನಾಗಿ ಟೋಪಿ ಹಾಕಿಸಿಕೊಂಡೆ. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಆರೇಳು ವರ್ಷದ ಹಿಂದಿನ ಮಾತು. ಶೋರೂಮ್ ಹೆಸರು ಬೇಡ ಬಿಡಿ. ಮೂರು ಸಲ ಎದ್ದು ಹೊರಗೆ ಬಂದು, ಮೂರು ಸಲ ವಾಪಸ್ ಕರೆಸಿಕೊಂಡು, 25 ಸಾವಿರ ಬಿಡಿಸಿದೆ. ಊರಿಗೆ ಬಂದು ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ನಮ್ಮ ಭಾವ ಸೊಸೈಟಿಯಲ್ಲಿ ಲೆಕ್ಕ ಬರೆಯುವವರು. ಅವರು ಮಾತ್ರ ಏನೂ ಹೇಳದೆ ಕಾಗದ ಕೊಡು ಅಂದರು. ಆಲೆಮನೆ ಮುಂದೆ ಮಂಚದ ಮೇಲೆ ಕೂತು, ಬೀಡಿ ಪೊಟ್ಟಣದ ಹಿಂದೆ ಲೆಕ್ಕ ಹಾಕಿದರು.

ಇನ್ಶೂರೆನ್ಸ್‌ಗೆ ಶೋರೂಮಿನವರು 41 ಸಾವಿರ ಹಾಕಿದ್ದರು. ಅದೇ ಗಾಡಿಗೆ, ಅದೇ ಬೆಲೆಗೆ ಮಂಡ್ಯದ ಏಜೆಂಟ್ ಹೇಳಿದ್ದು 30,500. ಹ್ಯಾಂಡ್ಲಿಂಗ್ ಚಾರ್ಜ್ ಅಂತ 8,500 ಇತ್ತು. ಇದು ಸರ್ಕಾರಕ್ಕೆ ಹೋಗುವ ದುಡ್ಡೂ ಅಲ್ಲ, ಕಂಪನಿಗೆ ಹೋಗುವ ದುಡ್ಡೂ ಅಲ್ಲ. ಆಮೇಲೆ ಸಾಲ. 6 ಲಕ್ಷಕ್ಕೆ ನಾಲ್ಕು ವರ್ಷ, "ಬರೀ 6 ಪರ್ಸೆಂಟ್ ಸಾರ್" ಅಂದಿದ್ದರು. ನನ್ನ ಖಾತೆ ಇದ್ದ ಬ್ಯಾಂಕಿನಲ್ಲಿ 9.5 ಅಂದಿದ್ದರಿಂದ ನಾನು ಖುಷಿಯಾಗಿ ಇಲ್ಲೇ ಸಹಿ ಹಾಕಿದ್ದೆ.

ಶೋರೂಮಿನವರ 6 ಫ್ಲಾಟ್ ಬಡ್ಡಿ. ಅಂದರೆ ಕಂತು ಕಟ್ಟುತ್ತಾ ಅಸಲು ಕಡಿಮೆಯಾದರೂ, ಬಡ್ಡಿ ಮಾತ್ರ ಕೊನೇ ತಿಂಗಳವರೆಗೂ ಪೂರ್ತಿ 6 ಲಕ್ಷದ ಮೇಲೇ. ವರ್ಷಕ್ಕೆ 36 ಸಾವಿರ, ನಾಲ್ಕು ವರ್ಷಕ್ಕೆ 1.44 ಲಕ್ಷ. ಕಂತು 15,500 ಬಂತು. ಬ್ಯಾಂಕಿನ 9.5 ಇಳಿಯುವ ಬಾಕಿಯ ಮೇಲಿನ ಬಡ್ಡಿ. ಅದರಲ್ಲಿ ಕಂತು 15,074 ಆಗುತ್ತಿತ್ತು. ಕೇಳೋಕೆ 6, ನಿಜದಲ್ಲಿ ಹತ್ತಿರ ಹತ್ತಿರ 11. ನಾಲ್ಕು ವರ್ಷಕ್ಕೆ 20 ಸಾವಿರದ ಮೇಲೆ ನಾಮ.

ಒಟ್ಟು ಕೂಡಿ ನೋಡಿ. 25 ಸಾವಿರ ಬಿಡಿಸಿದ ಶೂರ ಹತ್ತಿರ ಹತ್ತಿರ 40 ಸಾವಿರ ಬಿಟ್ಟು ಬಂದಿದ್ದ. ಭಾವ ಇಷ್ಟೇ ಹೇಳಿದರು: "ಮಾರುಕಟ್ಟೆಯಲ್ಲಿ ಬೆಲ್ಲಕ್ಕೆ ರೇಟು ಜಾಸ್ತಿ ಕೂಗಿ ತೂಕದಲ್ಲಿ ಹೊಡೆದರೆ ನಿನಗೆ ತಕ್ಷಣ ಗೊತ್ತಾಗುತ್ತೆ. ಇಲ್ಲಿ ಗೊತ್ತಾಗಲಿಲ್ಲವಾ?"

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: 20 ಸಾವಿರ ಸಾಕಾ, 40 ಬೇಕಾ ಅನ್ನುವುದನ್ನು ಸದ್ಯಕ್ಕೆ ಬಿಡಿ. ಶೋರೂಮಿನಲ್ಲಿ ನಡೆಯುವುದು ಒಂದು ವ್ಯಾಪಾರ ಅಲ್ಲ, ನಾಲ್ಕು. ಗಾಡಿ ಒಂದು, ಸಾಲ ಒಂದು, ಇನ್ಶೂರೆನ್ಸ್ ಒಂದು, ಹಳೇ ಗಾಡಿ ಎಕ್ಸ್‌ಚೇಂಜ್ ಒಂದು. ನಾಲ್ಕನ್ನೂ ಒಂದೇ ಗಂಟು ಕಟ್ಟಿ "ತಿಂಗಳಿಗೆ ಇಷ್ಟು ಕಟ್ಟಿದರೆ ಸಾಕು ಸಾರ್" ಅಂತಾರೆ. ಆ ಗಂಟು ಬಿಚ್ಚಿಸಬೇಕು. ತಿಂಗಳ ಕಂತಿನ ಮಾತು ಬಂದ ತಕ್ಷಣ "ಅದು ಆಮೇಲೆ, ಮೊದಲು ಗಾಡಿ ಬೆಲೆ ಹೇಳಿ" ಅನ್ನಿ.

ಕೊಟೇಶನ್ ಬಾಯಲ್ಲಿ ಬೇಡ. ವಿಸಿಟಿಂಗ್ ಕಾರ್ಡ್ ಹಿಂದೆ ಗೀಚಿದ್ದೂ ಬೇಡ. ಲೆಟರ್‌ಹೆಡ್‌ನಲ್ಲಿ ಸಾಲು ಸಾಲಾಗಿ ಬರೆಸಿಕೊಳ್ಳಿ: ಎಕ್ಸ್‌ಶೋರೂಮ್ (ರಿಜಿಸ್ಟ್ರೇಶನ್, ಇನ್ಶೂರೆನ್ಸ್ ಸೇರದ ಬರೀ ಗಾಡಿ ಬೆಲೆ), ರಿಜಿಸ್ಟ್ರೇಶನ್ ಮತ್ತು ಟ್ಯಾಕ್ಸ್, ಇನ್ಶೂರೆನ್ಸ್, ಫಾಸ್ಟ್ಯಾಗ್, ಆಕ್ಸೆಸರೀಸ್, ಇನ್ನಿತರೆ. ಈ "ಇನ್ನಿತರೆ" ಅನ್ನುವ ಸಾಲಿನಲ್ಲೇ ಇಲಿ ಇರುವುದು. ಒಂದೊಂದಕ್ಕೂ ರಸೀದಿ ಕೊಡ್ತೀರಾ ಅಂತ ಕೇಳಿ. ಆರ್‌ಟಿಒಗೆ ಕಟ್ಟಿದ್ದಕ್ಕೆ ರಸೀದಿ ಇದ್ದೇ ಇರುತ್ತದೆ. ರಸೀದಿ ಇಲ್ಲದ ಸಾಲು ಅವರ ಜೇಬಿನ ಸಾಲು.

ಹಾಗೇ ಪರ್ಮಿಟ್ ಅಂತ ಏನಾದರೂ ಹಾಕಿದ್ದಾರಾ ನೋಡಿ. ಲೋಡ್ ಸೇರಿ ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಪರ್ಮಿಟ್ಟೇ ಬೇಕಿಲ್ಲ. ಟಾಟಾ ಏಸ್‌ನಂಥ ಚಿಕ್ಕ ಗಾಡಿ ಅದರೊಳಗೇ ಬರುತ್ತದೆ. ದೊಡ್ಡ ಪಿಕಪ್ ಆದರೆ ಜಿವಿಡಬ್ಲ್ಯು, ಅಂದರೆ ಈ ಒಟ್ಟು ತೂಕ, ಎಷ್ಟು ಅಂತ ಬ್ರೋಷರ್‌ನಲ್ಲಿ ನೋಡಿಕೊಳ್ಳಿ. ಲೈಸೆನ್ಸ್‌ಗೆ ಬ್ಯಾಡ್ಜ್ (ಬಾಡಿಗೆ, ಸರಕು ಗಾಡಿ ಓಡಿಸೋಕೆ ಹಾಕಿಸುವ ಹೆಚ್ಚುವರಿ ಅನುಮತಿ) ಮಾಡಿಸಿಕೊಡ್ತೀವಿ ಅಂತ ದುಡ್ಡು ಕೇಳಿದರೂ ಬೇಡ ಅನ್ನಿ. ಒಟ್ಟು ತೂಕ 7,500 ಕೆಜಿಯೊಳಗಿನ ಸರಕು ಗಾಡಿಯನ್ನು ಕಾರು ಓಡಿಸುವ ಮಾಮೂಲಿ ಎಲ್‌ಎಂವಿ (ಹಗುರ ವಾಹನ) ಲೈಸೆನ್ಸ್‌ನಲ್ಲೇ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ ಹೇಳಿದೆ.

ಇನ್ಶೂರೆನ್ಸ್‌ನಲ್ಲಿ ಎರಡು ಭಾಗ. ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾಗುವ ನಷ್ಟದ ಭಾಗ, ಅದರ ದರ ಸರ್ಕಾರ ಗೊತ್ತು ಮಾಡಿದ್ದು. 2022ರ ದರಪಟ್ಟಿಯಲ್ಲಿ ನಿಮ್ಮಂಥ ಗಾಡಿಗೆ 16,049 ರೂಪಾಯಿ, ಮೇಲೆ ಜಿಎಸ್‌ಟಿ. ಅದರಲ್ಲಿ ಯಾರೂ ಇಳಿಸೋಕಾಗಲ್ಲ. ಚೌಕಾಸಿ ಇರುವುದು ಗಾಡಿ ಡ್ಯಾಮೇಜ್ ಭಾಗದಲ್ಲಿ. ಅದರಲ್ಲಿ ಕಂಪನಿಯಿಂದ ಕಂಪನಿಗೆ ತುಂಬಾ ವ್ಯತ್ಯಾಸ ಬರುತ್ತದೆ. ಶೋರೂಮಿನಲ್ಲೇ ಮಾಡಿಸಬೇಕು ಅಂತ ಕಾನೂನು ಇಲ್ಲ. "ಹೊರಗೆ ಮಾಡಿಸಿದರೆ ಕ್ಯಾಶ್‌ಲೆಸ್ (ರಿಪೇರಿ ದುಡ್ಡು ಕಂಪನಿಯೇ ನೇರ ಗ್ಯಾರೇಜಿಗೆ ಕಟ್ಟುವುದು) ಸಿಗಲ್ಲ" ಅಂತ ಹೆದರಿಸುತ್ತಾರೆ. ಆ ಇನ್ಶೂರೆನ್ಸ್ ಕಂಪನಿಯ ಗ್ಯಾರೇಜ್ ಪಟ್ಟಿ ನೋಡಿದರೆ ಗೊತ್ತಾಗುತ್ತದೆ, ಅಷ್ಟೇ. ಹೋಲಿಸುವಾಗ ಐಡಿವಿ, ಅಂದರೆ ಇನ್ಶೂರೆನ್ಸ್‌ನಲ್ಲಿ ಗಾಡಿಗೆ ಕಟ್ಟಿದ ಬೆಲೆ, ಎರಡರಲ್ಲೂ ಒಂದೇ ಇರಬೇಕು. ಇಲ್ಲದಿದ್ದರೆ ಬೆಲೆ ಕಡಿಮೆ ತೋರಿಸಿ ಪ್ರೀಮಿಯಂ ಇಳಿಸಿರುತ್ತಾರೆ.

ಇನ್ನು ಗಾಡಿ ಬೆಲೆಗೆ ಬರೋಣ. ಇಲ್ಲಿ ಒಂದು ಎಚ್ಚರಿಕೆ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಹಳೇ ಬೆಲೆ ಜೊತೆ ಹೋಲಿಸಿ "70 ಸಾವಿರ ಕಡಿಮೆ ಮಾಡಿದ್ದೀವಿ" ಅಂದರೆ ಕೈ ಮುಗಿಯಬೇಡಿ. ಅದು ತೆರಿಗೆ ಇಳಿದದ್ದು, ಅವರು ಬಿಟ್ಟಿದ್ದಲ್ಲ. ಈಗಿನ ಎಕ್ಸ್‌ಶೋರೂಮ್ ಬೆಲೆಯಿಂದ ಕೆಳಗೆ ಎಷ್ಟು ಅನ್ನುವುದೇ ನಿಮ್ಮ ಡಿಸ್ಕೌಂಟ್.

ಇದನ್ನು ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ನನ್ನ ಎರಡನೇ ಗಾಡಿ ಬಿಲ್ ಆಗಿದ್ದು 2025ರ ಜೂನ್ 28ಕ್ಕೆ. ಬೇಕೂಂತಲೇ ಆಷಾಢದಲ್ಲಿ ಹೋಗಿದ್ದೆ. ನಮ್ಮ ಕಡೆ ಆಷಾಢದಲ್ಲಿ ಯಾರೂ ಹೊಸ ಗಾಡಿ ಮನೆಗೆ ತರಲ್ಲ, ಅಲ್ವಾ? ಶೋರೂಮ್ ಖಾಲಿ. ಎಸಿ, ಕಾಫಿ, ನಾನು. ಆ ಸಲ ಆಷಾಢ ಜೂನ್ ಕೊನೆಗೇ ಬಂದಿತ್ತು. ತಿಂಗಳೂ ಮುಗಿಯುತ್ತಿತ್ತು, ಮೂರು ತಿಂಗಳ ಟಾರ್ಗೆಟ್ಟೂ ಮುಗಿಯುತ್ತಿತ್ತು. ಅವರಿಗೆ ಇನ್ನೂ ಎರಡು ಗಾಡಿ ಬಿಲ್ ಆಗಬೇಕಿತ್ತು. ಇದನ್ನು ಅಲ್ಲಿನ ಸೇಲ್ಸ್ ಹುಡುಗನೇ ಬಾಯಿಬಿಟ್ಟ.

ಹೋಗುವ ಮೊದಲು ನಾನು ಮೂರು ಕಡೆ ಕೊಟೇಶನ್ ತಂದಿದ್ದೆ. ಮೈಸೂರಿನಲ್ಲಿ ಎರಡು, ಮಂಡ್ಯದಲ್ಲಿ ಒಂದು. ಮೈಸೂರಿನಲ್ಲಿ ಕೊಂಡರೆ ಕೆಎ 09 ಬೋರ್ಡೇ ಆಗಬೇಕು ಅಂತೇನಿಲ್ಲ. ಮಂಡ್ಯದ ಕೆಎ 11ರಲ್ಲೇ ಮಾಡಿಸಬಹುದು. ಮೂರೂ ಒಂದೇ ಮಾಡೆಲ್, ಒಂದೇ ಬಾಡಿ, ಒಂದೇ ಬಣ್ಣ. ಇದು ಮುಖ್ಯ. ಒಂದು ಕಡೆ ಪವರ್ ಸ್ಟೀರಿಂಗ್ ಇರುವುದು, ಇನ್ನೊಂದು ಕಡೆ ಇಲ್ಲದ್ದು ಕೇಳಿದರೆ ಹೋಲಿಕೆಗೆ ಬೆಲೆ ಇಲ್ಲ. ಸಾಲ ಬ್ಯಾಂಕಿನಲ್ಲಿ ಮೊದಲೇ ಮಂಜೂರು ಮಾಡಿಸಿಕೊಂಡು ಆ ಪತ್ರ ಜೇಬಲ್ಲಿ ಇಟ್ಟುಕೊಂಡಿದ್ದೆ. ಆದರೆ ತೋರಿಸಲಿಲ್ಲ. ಅವರ ಸಾಲದಿಂದ ಅವರಿಗೆ ಕಮಿಷನ್ ಬರುತ್ತದೆ. ಆ ಆಸೆ ಇರುವವರೆಗೆ ಗಾಡಿ ಬೆಲೆಯಲ್ಲಿ ಸ್ವಲ್ಪ ಸಡಿಲ ಬಿಡುತ್ತಾರೆ. ಬೆಲೆ ಬರೆದು ಸೀಲ್ ಹಾಕಿಸಿದ ಮೇಲೆ ಪತ್ರ ತೆಗೆದೆ. ಮುಖ ಸಣ್ಣದಾಯಿತು. ತಪ್ಪಾ? ಅವರು ಮಾಡುವುದಕ್ಕೆ ಹೋಲಿಸಿದರೆ ಏನೂ ಅಲ್ಲ ಅಂದುಕೊಂಡೆ.

ಸೇಲ್ಸ್ ಹುಡುಗನ ಹತ್ತಿರ ಜಗಳ ಆಡಬೇಡಿ. ಅವನೂ ನಮ್ಮಂಥವರ ಮನೆಯವನೇ. ಇಂತಿಷ್ಟರ ಮೇಲೆ ಬಿಡೋಕೆ ಅವನಿಗೆ ಅಧಿಕಾರ ಇರಲ್ಲ. "ಮ್ಯಾನೇಜರ್ ಹತ್ತಿರ ಒಂದು ಮಾತು ಕೇಳಿ ಬಾ" ಅಂತ ನಗುತ್ತಾ ಹೇಳಿ. ನಾನು ಒಂದೇ ಸಂಖ್ಯೆ ಹೇಳಿದ್ದೆ: ಎಲ್ಲ ಸೇರಿ ನನ್ನ ಕೈಯಿಂದ ಹೋಗುವ ಮೊತ್ತ ಇಷ್ಟು, ಇದಕ್ಕೆ ಆದರೆ ಇವತ್ತೇ ಬಿಲ್ ಮಾಡಿ. ಇವತ್ತೇ ಅನ್ನುವ ಮಾತಿಗೆ ತಿಂಗಳ ಕೊನೆಯಲ್ಲಿ ಭಾರಿ ತೂಕ. ಎರಡು ಗಂಟೆ ಸುಮ್ನೆ ಕೂತಿದ್ದೆ. ಕೊನೆಗೆ 46 ಸಾವಿರ ಇಳಿಯಿತು, ಹ್ಯಾಂಡ್ಲಿಂಗ್ ಸಾಲು ಹೊಡೆದುಹಾಕಿದರು. ಆಕ್ಸೆಸರೀಸ್ ಫ್ರೀ ಕೊಡ್ತೀವಿ ಅಂದಾಗ ಬೇಡ ಅಂದೆ. ಸೀಟ್ ಕವರ್‌ಗೂ ಮ್ಯಾಟಿಗೂ ಅವರು ಹೇಳುವ ಬೆಲೆ ಹೊರಗಿನದರ ಎರಡರಷ್ಟು. ದುಡ್ಡಲ್ಲೇ ಬಿಡಿ ಅಂದೆ.

ಆದರೆ ಅಮ್ಮ ಆಷಾಢದಲ್ಲಿ ಗಾಡಿ ಅಂಗಳಕ್ಕೆ ಬರಕೂಡದು ಅಂದರು. ಶ್ರಾವಣದ ಮೊದಲ ಶುಕ್ರವಾರ, ಜುಲೈ 25ಕ್ಕೆ, ಗಂಜಾಂ ನಿಮಿಷಾಂಬ ಗುಡಿ ಮುಂದೆ ಪೂಜೆ ಮಾಡಿಸಿ ತಂದೆವು. ಅಲ್ಲಿಯವರೆಗೆ ನಿಂತ ಗಾಡಿಗೆ ಒಂದು ತಿಂಗಳ ಬಡ್ಡಿ, 8 ಲಕ್ಷಕ್ಕೆ 6 ಸಾವಿರದ ಮೇಲೆ. ಆಷಾಢದ ಲಾಭದಲ್ಲಿ ಇದನ್ನೂ ಕಳೆಯಿರಿ. ಅದಾಗಿ ಎರಡು ತಿಂಗಳಿಗೆ ಜಿಎಸ್‌ಟಿ ಇಳಿಯಿತು. ನನ್ನ ಗಾಡಿಯ ಎಕ್ಸ್‌ಶೋರೂಮ್ 9.5 ಲಕ್ಷ ಇತ್ತು. 28ರ ಬದಲು 18 ಅಂದರೆ 74 ಸಾವಿರ ಕಡಿಮೆ. ಎರಡು ಗಂಟೆ ಕೂತು 46 ಉಳಿಸಿದವನು ಮನೆಯಲ್ಲೇ ಮಲಗಿದ್ದರೆ 74 ಉಳಿಯುತ್ತಿತ್ತು. ಭಾವ ಈ ಸಲ ಲೆಕ್ಕವನ್ನೂ ಹಾಕಲಿಲ್ಲ, ಸುಮ್ನೆ ನಕ್ಕರು.

ಆಷಾಢ ಸಿಗದಿದ್ದರೆ ಡಿಸೆಂಬರ್ ಅಥವಾ ಮಾರ್ಚ್ ಕೊನೆ ನೋಡಿ. ಆಯುಧಪೂಜೆ ಹೊತ್ತಿಗೆ ಹೋಗಬೇಡಿ. ಮೈಸೂರಿನಲ್ಲಿ ಆಗ ಗಾಡಿ ಸಿಕ್ಕರೆ ಸಾಕು ಅನ್ನುವ ನೂಕುನುಗ್ಗಲು. ಡಿಸೆಂಬರ್‌ನಲ್ಲಿ, ಇಲ್ಲಾ ಜನವರಿಯಲ್ಲಿ ತೆಗೆದುಕೊಂಡರೆ ತಯಾರಾದ ತಿಂಗಳು ಖಂಡಿತ ನೋಡಿ. ಚಾಸಿ ನಂಬರಿನ 17 ಅಕ್ಷರಗಳಲ್ಲಿ ಹತ್ತನೆಯದು ಸಾಮಾನ್ಯವಾಗಿ ವರ್ಷ ಹೇಳುತ್ತದೆ: ಎಸ್ ಅಂದರೆ 2025, ಟಿ ಅಂದರೆ 2026. ಗೊಂದಲ ಆದರೆ ಶೋರೂಮ್ ಕೊಡುವ ಮಾರಾಟ ಪತ್ರ, ಅಂದರೆ ಫಾರಂ 21ರಲ್ಲಿ ತಿಂಗಳು, ವರ್ಷ ಎರಡೂ ಬರೆದಿರುತ್ತದೆ. ಹಳೇ ವರ್ಷದ ಗಾಡಿ ಕೆಟ್ಟದ್ದೇನಲ್ಲ. ಆದರೆ ನಾಳೆ ಮಾರುವಾಗ ಒಂದು ವರ್ಷ ಹಳೆಯದು ಅಂತಲೇ ಬೆಲೆ ಕಟ್ಟುತ್ತಾರೆ. ಆ ನಷ್ಟ ಇವತ್ತೇ ಬಿಲ್ಲಿನಲ್ಲಿ ಇಳಿಯಬೇಕು.

ಹಳೇ ಗಾಡಿ ಇದ್ದರೆ ಹೊರಗೆ ಒಮ್ಮೆ ಬೆಲೆ ಕೇಳಿಸಿ. ಎಕ್ಸ್‌ಚೇಂಜ್ ಬೋನಸ್ ಅಂತ ಕೊಟ್ಟು ಗಾಡಿ ಬೆಲೆಯಲ್ಲೇ ಅದನ್ನು ಹಿಡಿಯುತ್ತಾರೆ. ಹೊರಗೆ ಮಾರಿದರೆ ಹೆಸರು ಬದಲಾಗುವವರೆಗೂ ಬೆನ್ನು ಬಿಡಬೇಡಿ. ಇಲ್ಲದಿದ್ದರೆ ಕೊಂಡವನು ಮಾಡುವ ಆಕ್ಸಿಡೆಂಟ್ ನಿಮ್ಮ ಹೆಸರಿಗೆ ಬರುತ್ತದೆ.

ನಿಮ್ಮ 20 ಸಾವಿರಕ್ಕೆ ವಾಪಸ್ ಬಂದರೆ: ಹ್ಯಾಂಡ್ಲಿಂಗ್ ಇಲ್ಲದೆ, ಇನ್ಶೂರೆನ್ಸ್ ನಿಮ್ಮಿಷ್ಟ, ಸಾಲ ನಿಮ್ಮ ಬ್ಯಾಂಕು ಅಂತ ಆದರೆ 20 ಸಾವಿರ ಅಷ್ಟೇನೂ ಕೆಟ್ಟ ವ್ಯಾಪಾರ ಅಲ್ಲ. ಮೂರೂ ಅವರದೇ ಆದರೆ 50 ಸಾವಿರ ಬಿಟ್ಟರೂ ಯೋಚನೆ ಮಾಡಿ.

ಡೆಲಿವರಿ ದಿನ ಹಾರ, ಸ್ವೀಟು, ಫೋಟೋ ಅಂತ ಗಡಿಬಿಡಿ ಮಾಡಿಸುತ್ತಾರೆ. ಅದರ ಮಧ್ಯೆ ಸ್ಟೆಪ್ನಿ, ಟೂಲ್ ಕಿಟ್, ಎರಡನೇ ಕೀ ಎಣಿಸಿಕೊಳ್ಳಿ. ಇಷ್ಟೆಲ್ಲ ಹೇಳಿದ ನಾನು ಜಾಕ್ ನೋಡಿರಲಿಲ್ಲ. ಅದು ಇಲ್ಲ ಅಂತ ಗೊತ್ತಾಗಿದ್ದು ಮೂರು ವಾರ ಆದ ಮೇಲೆ, ರಾತ್ರಿ ಹನ್ನೊಂದಕ್ಕೆ, ಟೊಮೆಟೊ ಲೋಡ್ ಸಮೇತ ನಂಜನಗೂಡು ರಸ್ತೆಯಲ್ಲಿ ಪಂಚರ್ ಆದಾಗ.