ಬ್ರಿಟಿಷ್ ಕೊಲಂಬಿಯಾ, 2005: ಶಿಕ್ಷಕರಿಗೆ ಜೈಲಾಗಲಿಲ್ಲ ಏಕೆ?

ಕೆಲಸಕ್ಕೆ ಮರಳಿ ಎಂಬ ಕಾಯ್ದೆ ಮೀರಿಯೂ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಶಿಕ್ಷಕರು ಜೈಲಿಗೆ ಹೋಗಲಿಲ್ಲವೇಕೆ ಎಂದು ಕೇಳಿದ್ದೀರಿ.

ಮೊದಲು ಹಿನ್ನೆಲೆ. 2002ರಲ್ಲೇ ಸರ್ಕಾರ ತರಗತಿಯ ಗಾತ್ರವನ್ನು ಚೌಕಾಸಿಯಿಂದ (ಶಿಕ್ಷಕರ ಸಂಘದೊಂದಿಗಿನ ಒಪ್ಪಂದದ ಮಾತುಕತೆಯಿಂದ) ಹೊರಗಿಟ್ಟಿತ್ತು. 2005ರ ಅಕ್ಟೋಬರ್‌ನಲ್ಲಿ ಬಿಲ್ 12 ಎಂಬ ಕಾಯ್ದೆ ತಂದು, ಸಂಬಳ ಏರಿಸದೆ ಹಳೆಯ ಒಪ್ಪಂದವನ್ನು 2006ರ ಜೂನ್‌ವರೆಗೆ ಹೇರಿತು. ಅ. 7ರಂದು ಸುಮಾರು 40,000 ಶಿಕ್ಷಕರು ಮುಷ್ಕರ ಹೂಡಿ ಹೊರಬಂದರು.

ಕೆಲಸಕ್ಕೆ ಮರಳಿ ಎಂಬ ಕಾರ್ಮಿಕ ಮಂಡಳಿಯ ಆದೇಶ ಸುಪ್ರೀಂ ಕೋರ್ಟಿನಲ್ಲಿ (ಅಲ್ಲಿ ಇದು ಪ್ರಾಂತ್ಯದ ವಿಚಾರಣಾ ನ್ಯಾಯಾಲಯ) ದಾಖಲಾದ ಕೂಡಲೇ ಅದನ್ನು ಮೀರುವುದು ನ್ಯಾಯಾಂಗ ನಿಂದನೆಯಾಗುತ್ತದೆ. ಆದರೆ ನ್ಯಾಯಾಧೀಶರು ವ್ಯಕ್ತಿಗಳನ್ನು ಬಿಟ್ಟು ಸಂಘದ ಖಜಾನೆಗೆ ಕೈಹಾಕಿದರು: ಮುಷ್ಕರಕ್ಕೆ ಸಂಘದ ಹಣ ಬಳಸಕೂಡದು ಎಂದರು. ದಿನಕ್ಕೆ 50 ಡಾಲರ್ ಮುಷ್ಕರ ಭತ್ಯೆ ಅಲ್ಲಿಗೇ ನಿಂತಿತು. ಜೈಲಿಗಿಂತ ಕಠಿಣ ಪೆಟ್ಟು ಇದೇ. ಮನೆ ಬಾಡಿಗೆ ಕಾಯುವುದಿಲ್ಲವಲ್ಲ. ಕೊನೆಗೆ 5 ಲಕ್ಷ ಡಾಲರ್ ದಂಡ.

ಆದರೂ ಹತ್ತು ಶಾಲಾ ದಿನ ಅವರು ಕದಲಲಿಲ್ಲ. ಇತರ ಕಾರ್ಮಿಕ ಸಂಘಗಳು ಪ್ರಾಂತ್ಯದ ರಾಜಧಾನಿ ವಿಕ್ಟೋರಿಯಾದಲ್ಲಿ ಬೀದಿಗಿಳಿದವು. ಮಧ್ಯಸ್ಥ ವಿನ್ಸ್ ರೆಡಿಯವರ ಶಿಫಾರಸುಗಳನ್ನು ಶಿಕ್ಷಕರು ಮತ ಹಾಕಿ ಒಪ್ಪಿ, ಅ. 24ರಂದು ಮರಳಿದರು. ಚೌಕಾಸಿಯ ಹಕ್ಕು ಆಗ ಪೂರ್ತಿ ಸಿಗಲಿಲ್ಲ. 2002ರಲ್ಲಿ ಕಿತ್ತುಕೊಂಡ ಷರತ್ತುಗಳು ವಾಪಸಾಗಲು 2016ರ ನವೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ತೀರ್ಪು ಬರಬೇಕಾಯಿತು.